ಬರಿಗಾಲಿನ ಸರ್ವರ್ ಕೋಣೆ

'ಚಪ್ಪಲಿ ಹೊರಗೆ ಬಿಡಿ' ಎಂಬ ಫಲಕ ಕಂಡರೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ದೇವಸ್ಥಾನದ ಬಾಗಿಲಲ್ಲಿ ಕೂಡ. ಅಂಥದ್ದೊಂದು ಫಲಕವನ್ನು ಪಾಲಿಸಿ ಒಳಗೆ ಹೋದ ಮನುಷ್ಯನೊಬ್ಬ ನನ್ನ ಕಣ್ಣೆದುರೇ ಸರ್ವರಿಗೆ ಅಂಟಿಕೊಂಡದ್ದನ್ನು ನಾನು ನೋಡಿದ್ದೇನೆ.

ಅದು ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಕಂಪ್ಯೂಟರ್ ಪದವಿ ಮುಗಿಸಿ ನಾನು ಮಣಿಪಾಲದ ಒಂದು ಪಾರ್ಸೆಲ್ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಕಾಪು ಮತ್ತು ಕಾರ್ಕಳದಲ್ಲಿ ನಮ್ಮ ಶಾಖೆಗಳಿದ್ದವು. ಒಂದೊಂದು ಊರಿಗೆ ಒಂದೊಂದು ಸರ್ವರ್. ನಮ್ಮ ಧಣಿಗಳು ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಂದ ಹೈಪರ್‌ವೈಸರ್ ಎಂಬ ಮಾತು ಕೇಳಿ ಬಂದರು. ಒಂದೇ ದೊಡ್ಡ ಯಂತ್ರದೊಳಗೆ ಮೂರು ಯಂತ್ರಗಳನ್ನು ಕೂರಿಸಿ, ಪ್ರತಿಯೊಂದಕ್ಕೂ ತಾನು ಬೇರೆಯೇ ಇದ್ದೇನೆಂದು ನಂಬಿಸುವ ತಂತ್ರಾಂಶ ಅದು ಎಂದು ನಾನು ವಿವರಿಸಿದೆ.

"ಅಂದ್ರೆ ಕೂಡು ಕುಟುಂಬ ಅಲ್ವಾ?" ಎಂದರು ಅವರು. ಅವರ ಮನೆಯಲ್ಲಿ ಪಾಲಾಗಿ ವರ್ಷಗಳೇ ಕಳೆದಿದ್ದವು. ಸರ್ವರ್‌ಗಳಾದರೂ ಒಟ್ಟಿಗೆ ಇರಲಿ ಎಂದು ಆಸೆಪಟ್ಟಿರಬೇಕು, ದೊಡ್ಡ ಯಂತ್ರವೊಂದನ್ನು ತರಿಸಿಯೇಬಿಟ್ಟರು.

ಅದೇ ಬೇಸಿಗೆಯಲ್ಲಿ ವಾಸ್ತು ನೋಡುವವರೊಬ್ಬರ ಸಲಹೆಯಂತೆ ಧಣಿಗಳು ಕಚೇರಿ ಅಂಗಳದ ತುಳಸಿಕಟ್ಟೆಯನ್ನು ಕಟ್ಟಡದ ಪಕ್ಕದಿಂದ ಈಶಾನ್ಯ ಮೂಲೆಗೆ ಸರಿಸಿ, ಇದ್ದ ಜಾಗಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿದ್ದರು. ವ್ಯವಹಾರ ವೃದ್ಧಿಯಾಗುತ್ತದೆಂದು ವಾಸ್ತುವಿನವರು ಹೇಳಿದ್ದರಂತೆ. ನಾವು ಯಾರೂ ಆ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಸರ್ವರ್ ಕೋಣೆಯೆಂದರೆ ನಮ್ಮಲ್ಲಿ ಗರ್ಭಗುಡಿ. ಧೂಳು ಹೋಗಬಾರದೆಂದು ಶುರುವಾದ ಪದ್ಧತಿ ಕ್ರಮೇಣ ಮಡಿಯೇ ಆಗಿತ್ತು. ಚಪ್ಪಲಿ ಹೊರಗೆ, ಮಾತು ಮೆಲ್ಲಗೆ, ದಿನಕ್ಕೆರಡು ಸಲ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು. ವಿನಾಯಿತಿ ಧಣಿಗಳಿಗೆ ಮಾತ್ರ. ಅವರ ಬೂಟಿನ ಲೇಸು ಬಿಚ್ಚಲು ಬಗ್ಗಬೇಕಿತ್ತು, ಅವರಿಗೆ ಬಗ್ಗಿ ಅಭ್ಯಾಸವಿರಲಿಲ್ಲ.

ಯಂತ್ರ ಮಾರಿದವರು ಧಾರವಾಡ ಕಡೆಯ ಎಂಜಿನಿಯರ್ ಒಬ್ಬರನ್ನು ಕಳಿಸಿದರು. ಮೊದಲ ದಿನವೇ ಹೈಪರ್‌ವೈಸರ್ ಏಳಲಿಲ್ಲ. ಪ್ರೊಸೆಸರಿನೊಳಗೆ ಅದಕ್ಕೆ ಬೇಕಾದ ಸೌಲಭ್ಯ ಇದ್ದರೂ ಕಾರ್ಖಾನೆಯಿಂದಲೇ ಬಂದ್ ಆಗಿ ಬಂದಿತ್ತು. ಬಯೋಸ್ ಎಂಬ ಯಂತ್ರದ ಮೂಲ ಸೆಟ್ಟಿಂಗಿಗೆ ಹೋಗಿ ಆನ್ ಮಾಡಿ, ಯಂತ್ರದ ವಯರನ್ನೇ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಬೇಕು.

"ಕೊಟ್ಟ ಸೌಲಭ್ಯವನ್ನು ಬಂದ್ ಮಾಡಿ ಕಳಿಸುವುದಾ? ಇದೆಂತ ಕ್ರಮ ಮಾರಾಯ?" ಎಂದರು ಧಣಿಗಳು.

"ಎಲ್ಲಾ ಕಂಪನಿಯವ್ರದೂ ಹಿಂಗ ಐತ್ರಿ ಸರ," ಎಂದರು ಎಂಜಿನಿಯರ್.

ಮಣಿಪಾಲದ ಮತ್ತು ಕಾರ್ಕಳದ ಸರ್ವರ್‌ಗಳು, ಅಂದರೆ ಅವುಗಳೊಳಗಿನ ಲೆಕ್ಕಪತ್ರವೆಲ್ಲ, ತಕರಾರಿಲ್ಲದೆ ಹೊಸ ಯಂತ್ರದೊಳಗೆ ಸೇರಿಕೊಂಡವು. ಆಮೇಲೆ ಕಾಪುವಿನದು ಬಂತು. ಆ ಶಾಖೆ ಕಡಲಿಗೆ ಹತ್ತಿರ. ಅಲ್ಲಿ ಉಪ್ಪುಗಾಳಿಗೆ ಬೀಗದ ಕೈಯೂ ತುಕ್ಕು ಹಿಡಿಯುತ್ತದೆ, ಸರ್ವರಿನ ಡಬ್ಬವೂ ಹಾಗೆಯೇ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಉಳಿದವುಗಳ ಪಕ್ಕದಲ್ಲಿಟ್ಟು ಅದೇ ಕರೆಂಟಿನ ಬೋರ್ಡಿಗೆ ಚುಚ್ಚಿ, ಅದರಲ್ಲಿದ್ದುದನ್ನು ಹೊಸ ಯಂತ್ರಕ್ಕೆ ನಕಲು ಮಾಡಲು ಶುರುಮಾಡಿದೆವು. ಅಲ್ಲಿಂದ ಕಾಟ ಶುರುವಾಯಿತು. ನಕಲು ಅರ್ಧಕ್ಕೆ ನಿಲ್ಲುವುದು, ಹೊಸ ಯಂತ್ರ ಇದ್ದಕ್ಕಿದ್ದಂತೆ ತಾನೇ ಆರಿ ಹೊತ್ತಿಕೊಳ್ಳುವುದು. ಹೈಪರ್‌ವೈಸರನ್ನು ಅಳಿಸಿ ಮತ್ತೆ ಹಾಕಿದೆವು. ಡ್ರೈವರ್ ಬದಲಿಸಿದೆವು. ಬೆಂಗಳೂರಿನ ಸಹಾಯವಾಣಿಯವರು ಎಲ್ಲವನ್ನೂ ಕೇಳಿ, ಮತ್ತೊಮ್ಮೆ ಅಳಿಸಿ ಹಾಕಲು ಹೇಳಿದರು.

"ಸಾಫ್ಟ್‌ವೇರ್‌ದಾಗ ಏನಿಲ್ಲ ಬಿಡ್ರಿ," ಎಂದರು ಎಂಜಿನಿಯರ್ ಒಂದು ಮಧ್ಯಾಹ್ನ. "ಡಬ್ಬಿ ಮುಟ್ಟಿದ್ರ ಕೈ ಜುಮ್ ಅಂತೈತಿ."

ನನಗೂ ಹಾಗಾಗುತ್ತಿತ್ತು. ಧಣಿಗಳು ಬೂಟುಗಾಲಲ್ಲಿ ಬಂದು ಯಂತ್ರದ ಮೇಲೆ ಅಂಗೈ ಊರಿದರು. "ನನಗೆ ಎಂತದೂ ಆಗುವುದಿಲ್ಲ. ನಿಮಗೆ ಎಸಿ ಅಭ್ಯಾಸ ಇಲ್ಲ, ಅದು ಚಳಿ."

ನಾವಿಬ್ಬರು ಪದವೀಧರರು ಅದನ್ನು ಒಪ್ಪಿಕೊಂಡೆವು. ಧಣಿಗಳ ಕೈಗಿಂತ ದೊಡ್ಡ ಮೀಟರ್ ಆ ಕಚೇರಿಯಲ್ಲಿ ಇರಲಿಲ್ಲ.

ಮರುದಿನ ನೆಲ ಆಗಷ್ಟೇ ಒರೆಸಿಯಾಗಿತ್ತು, ಇನ್ನೂ ಒದ್ದೆಯಿತ್ತು. ಎಂಜಿನಿಯರ್ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮತ್ತೊಮ್ಮೆ ಶುರುಮಾಡಲೆಂದು ಹೊಸ ಯಂತ್ರದ ವಯರು ಕೀಳಲು ಬಗ್ಗುತ್ತ, ಆಧಾರಕ್ಕೆಂದು ಕಾಪುವಿನ ಡಬ್ಬದ ಅಂಚು ಹಿಡಿದರು. ಹಾಗೆಯೇ ನಿಂತುಬಿಟ್ಟರು. ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ.

ಬಾಗಿಲಲ್ಲಿದ್ದ ಧಣಿಗಳು, "ಎಂತ, ಧ್ಯಾನವಾ?" ಎಂದು ನಕ್ಕರು.

ಎಂಜಿನಿಯರರ ಕತ್ತಿನ ನರಗಳು ಬಿಗಿದದ್ದು ಕಂಡಾಗ ಕರೆಂಟು ಹಿಡಿದಿದೆಯೆಂದು ನನಗೆ ಅರ್ಥವಾಯಿತು. ಹೊರಗೆ ಓಡಿ ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಮೈನ್ ಸ್ವಿಚ್ ಇಳಿಸಿದೆ. ಇಡೀ ಕಚೇರಿಯ ಫ್ಯಾನುಗಳು ನಿಂತವು. ಯಾರೋ "ಹೋಯ್, ಕರೆಂಟ್ ಹೋಯ್ತಾ?" ಎಂದು ಕೇಳಿದರು. ಒಳಗೆ ಯುಪಿಎಸ್ ಕುಂಯ್‌ಗುಟ್ಟಿ, ಬ್ಯಾಟರಿಯಿಂದ ಯಂತ್ರಗಳಿಗೆ ಕರೆಂಟು ಕೊಡುವ ತನ್ನ ಕರ್ತವ್ಯ ಶುರುಮಾಡಿತು. ಆ ಕಚೇರಿಯಲ್ಲಿ ಹೇಳಿದ ಕೆಲಸ ತಪ್ಪದೆ ಮಾಡುವ ವಸ್ತು ಅದೊಂದೇ, ಅದು ಅವರನ್ನು ಬಿಡಲಿಲ್ಲ. ನಾನು ಯಾರದೋ ಚಪ್ಪಲಿ ಮೆಟ್ಟಿಕೊಂಡು ಒಳಗೆ ನುಗ್ಗಿ ಪ್ಲಾಸ್ಟಿಕ್ ಸ್ಟೂಲಿನಿಂದ ಅವರ ತೋಳಿಗೆ ಬಲವಾಗಿ ತಳ್ಳಿದೆ. ಎರಡನೆಯ ಸಲಕ್ಕೆ ಕೈ ಬಿಟ್ಟಿತು. ಅವರು ಗೋಡೆಗೆ ಬಡಿದು ಕುಸಿದರು. ಸ್ವಲ್ಪ ಹೊತ್ತು ಉಸಿರು ಉಂಟೋ ಇಲ್ಲವೋ ಗೊತ್ತಾಗಲಿಲ್ಲ. ಆ ಸ್ವಲ್ಪ ಹೊತ್ತು ನನ್ನ ತಲೆಯಲ್ಲಿ ಇನ್ನೂ ಮುಗಿದಿಲ್ಲ.

ಆಮೇಲೆ ಅವರು ಕೆಮ್ಮಿದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಅಂಗೈಗೆ ಪಟ್ಟಿ ಕಟ್ಟಿ ಕಳಿಸಿದರು.

ಕಾಪುವಿನ ಯಂತ್ರದೊಳಗಿನ ಕರೆಂಟಿನ ಪೆಟ್ಟಿಗೆ ತುಕ್ಕು ಹಿಡಿದು ಕರೆಂಟು ಡಬ್ಬಕ್ಕೆ ಸೋರುತ್ತಿತ್ತು. ಅದು ಅರ್ತಿಂಗ್ ವಯರಿನ ಮೂಲಕ ಭೂಮಿಗಿಳಿಯಬೇಕಿತ್ತು. ಹಾಗೆ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚೂ ಮೊದಲು ಇತ್ತಂತೆ, ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ತೆಗೆಸಿದ್ದರು. ಎಲೆಕ್ಟ್ರಿಷಿಯನ್ ಬಂದು ಅಂಗಳದ ಇಂಟರ್‌ಲಾಕ್ ಎಬ್ಬಿಸಿದಾಗ ಅರ್ತಿಂಗ್ ಗುಂಡಿ ಬಿರುಕು ಬಿಟ್ಟು ಒಣಗಿತ್ತು. ಒಣಗಿದ ಗುಂಡಿ ಕರೆಂಟನ್ನು ಎಳೆದುಕೊಳ್ಳುವುದಿಲ್ಲ. ಹಾಗಾಗಿ ಒಂದು ಯಂತ್ರದ ಕರೆಂಟು ಅದೇ ವಯರು ಹಿಡಿದು ಕೋಣೆಯ ಎಲ್ಲ ಡಬ್ಬಗಳಿಗೂ ಹರಿದಿತ್ತು. ಹೈಪರ್‌ವೈಸರಿಗೆ ಮಾಡಲಾಗದ ಕೂಡು ಕುಟುಂಬವನ್ನು ಅದು ಮಾಡಿ ಮುಗಿಸಿತ್ತು.

"ಇದಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು?" ಎಂದು ಎಲೆಕ್ಟ್ರಿಷಿಯನ್ ಕೇಳಿದ. ಅಂಥದ್ದೊಂದು ಕೆಲಸವಿದೆಯೆಂದೇ ನಮಗೆ ಗೊತ್ತಿರಲಿಲ್ಲ. ಗುಂಡಿ ಇದ್ದದ್ದು ಹಳೆಯ ತುಳಸಿಕಟ್ಟೆಯ ಬುಡದಲ್ಲಿ. ಕಚೇರಿಯ ಹಿಂದಿನ ಮನೆಯಲ್ಲಿದ್ದ ಧಣಿಗಳ ತಾಯಿ ದಿನಾ ಬೆಳಿಗ್ಗೆ ತುಳಸಿಗೆ ಹೊಯ್ದ ಕೊಡದ ನೀರು ಹರಿದು ಅದರೊಳಗೆ ಇಳಿಯುತ್ತಿತ್ತು. ನಮ್ಮ ಪ್ರಾಣ ಅಷ್ಟು ವರ್ಷ ಆ ನೀರಿನ ಮೇಲೆ ನಿಂತಿತ್ತು.

"ನಾನು ನೀರು ಹಾಕಿದ್ದು ತುಳಸಿಗೆ, ನಿಮ್ಮ ಕರೆಂಟಿಗೆ ಅಲ್ಲ," ಎಂದರು ಆ ತಾಯಿ, ತಪ್ಪು ಹೊರಿಸಲು ಬಂದವರನ್ನು ನೋಡುವ ಹಾಗೆ ನೋಡಿ.

ಹೊಸ ಗುಂಡಿ ತೋಡಿದರು, ಪೆಟ್ಟಿಗೆ ಬದಲಿಸಿದರು. ತುಳಸಿಕಟ್ಟೆಯೂ ಹಳೆಯ ಜಾಗಕ್ಕೆ ಬಂತು, ಅದೇ ವಾಸ್ತುವಿನವರ ಹೊಸ ಸಲಹೆಯಂತೆ. ಧಣಿಗಳು ಅಲ್ಲಿಂದ ಮುಂದೆ ನೋಡಲು ಬಂದವರಿಗೆಲ್ಲ, ಕಟ್ಟೆ ವಾಪಸು ಬಂದ ಮೇಲೆಯೇ ಹೈಪರ್‌ವೈಸರ್ ಸರಿಯಾದದ್ದು ಎಂದು ಹೇಳತೊಡಗಿದರು. ಸುಳ್ಳೆಂದು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಎಂಜಿನಿಯರ್ ಉಳಿದ ಕೆಲಸಕ್ಕೆ ವಾಪಸು ಬಂದದ್ದು ದಪ್ಪ ರಬ್ಬರ್ ಚಪ್ಪಲಿಯಲ್ಲಿ. ಫಲಕ ಇನ್ನೂ ಅಲ್ಲೇ ಇತ್ತು. ಧಣಿಗಳು ಅವರ ಕಾಲು ನೋಡಿ, "ಚಪ್ಪಲಿ?" ಎಂದರು.

"ಬಿಡಂಗಿಲ್ರಿ. ಬೇಕಾದ್ರ ಸರ್ವರ್ ಹೊರಗ ತರಸ್ರಿ."

ಧಣಿಗಳು ದಾರಿ ಬಿಟ್ಟರು. ಕಾಪುವಿನ ಸರ್ವರ್ ಒಂದೇ ಸಲಕ್ಕೆ ಒಳಗೆ ಸೇರಿತು.

ಸಂಜೆ ಅವರನ್ನು ಬಸ್ಸು ಹತ್ತಿಸಲು ಉಡುಪಿಗೆ ಹೋದೆ. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕಾಫಿ ಹೇಳಿದೆವು. ಸ್ಟೀಲ್ ಲೋಟ ಬಂತು. ಅವರು ಪಟ್ಟಿ ಕಟ್ಟದ ಕೈಯನ್ನು ಮಗುಚಿ, ಕರೆಂಟಿನವರು ವಯರು ಮುಟ್ಟಿ ನೋಡುವ ಹಾಗೆ ಬೆರಳಿನ ಹಿಂಬದಿಯಿಂದ ಲೋಟವನ್ನು ಮೆಲ್ಲಗೆ ಮುಟ್ಟಿ ನೋಡಿದರು. ನಾನು ನಗಲಿಲ್ಲ. ನನ್ನ ಲೋಟವನ್ನು ನಾನು ಆಗಲೇ ಹಾಗೆ ಮುಟ್ಟಿ ನೋಡಿಯಾಗಿತ್ತು.