ದಾನಿಪಟ್ಟಿಯಲ್ಲಿ ತಾನಾಗಿ ಬಿದ್ದ ಗೆರೆ

೨೦೦೭ರಲ್ಲಿ ನಾನು ಶಿರಸಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ನಾನು, ಎರಡು ಕಂಪ್ಯೂಟರು, ಒಂದು ಪ್ರಿಂಟರು. ಸತ್ತವರ ಕಣ್ಣಿನಿಂದ ತೆಗೆದ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ದೃಷ್ಟಿ ಕಳೆದುಕೊಂಡವರಿಗೆ ಜೋಡಿಸುವ ಆಪರೇಷನ್ ಅಲ್ಲಿ ನಡೆಯುತ್ತಿತ್ತು. ದಾನಿಗಳ ವಿವರ ಡೇಟಾಬೇಸಿನ ಒಂದು ಟೇಬಲ್ಲಿನಲ್ಲಿ, ಆಪರೇಷನ್ ಆದವರದು ಇನ್ನೊಂದರಲ್ಲಿ. ಯಾರ ಕಣ್ಣು ಯಾರಿಗೆ ಎಂಬುದನ್ನು ಎರಡೂ ಕಡೆಯವರಿಗೆ ಹೇಳುವಂತಿರಲಿಲ್ಲ.

ಆ ವರ್ಷ ವರದಿ ತಯಾರಿಸಲು ಹೊಸ ಬಿಸಿನೆಸ್ ಇಂಟೆಲಿಜೆನ್ಸ್ ಸಾಫ್ಟ್‌ವೇರ್ ಬಂತು. ಡೇಟಾಬೇಸನ್ನು ತೋರಿಸಿದರೆ ಸಾಕು, ಯಾವ ಟೇಬಲ್ಲಿಗೆ ಯಾವುದರ ಸಂಬಂಧ ಎಂದು ತಾನೇ ಹುಡುಕಿ ತೆರೆಯ ಮೇಲೆ ಗೆರೆ ಎಳೆಯುತ್ತಿತ್ತು. ನಾನು ಗೆರೆಗಳನ್ನು ನೋಡಿ ಖುಷಿಪಟ್ಟೆ, ಪರೀಕ್ಷಿಸಲಿಲ್ಲ. ಪ್ರಯೋಗಕ್ಕೆಂದು ತೆಗೆದ ಪಟ್ಟಿಯಲ್ಲಿ ದಾನಿಯ ಹೆಸರಿನ ಪಕ್ಕದಲ್ಲೇ ರೋಗಿಯ ಹೆಸರಿತ್ತು. ಅದನ್ನು ಪ್ರಿಂಟರಿನ ಮೇಲೆಯೇ ಬಿಟ್ಟು ಊಟಕ್ಕೆ ಹೋದೆ.

ದಾಖಲೆ ವಿಭಾಗದ ಸುಮಿತ್ರಾಳ ಕೈಗೆ ಅದು ಸಿಕ್ಕಿತು. ಸಿದ್ದಾಪುರದ ಕಡೆಯವಳು. ಹಿಂದಿನ ವರ್ಷ ಅವಳ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಕಣ್ಣು ಕೊಡುವ ಕಾಗದಕ್ಕೆ ಸಹಿ ಹಾಕಿದವಳು ಅವಳೇ. ನಮ್ಮಲ್ಲಿ ಕೆಲಸಕ್ಕೆ ಸೇರಿದ್ದು ಆಮೇಲೆ. ಪಟ್ಟಿಯಲ್ಲಿ ತಮ್ಮನ ಹೆಸರಿನ ಪಕ್ಕ ವಜ್ರಳ್ಳಿಯ ರೈತರೊಬ್ಬರ ಹೆಸರಿತ್ತು. ಅವಳು ಆ ಪಟ್ಟಿಯನ್ನು ಮಡಚಿ ತನ್ನಲ್ಲೇ ಇಟ್ಟುಕೊಂಡಳು.

ಹದಿನೈದು ದಿನದ ಮೇಲೆ ಆ ರೈತರು ವರ್ಷದ ತಪಾಸಣೆಗೆ ಬಂದರು. ಅರವತ್ತು ದಾಟಿದವರು. ಸುಮಿತ್ರಾ ಫೈಲನ್ನು ತಾನೇ ಒಯ್ದಳು. ನಾನು ಪಕ್ಕದಲ್ಲೇ ಕೌಂಟರಿನ ಕಂಪ್ಯೂಟರ್ ಸರಿಮಾಡುತ್ತಿದ್ದೆ. ಫೈಲಿಗೆ ಕೈ ಚಾಚಿದವರು ಹಾಗೆಯೇ ನಿಂತು ಅವಳ ಮುಖವನ್ನೇ ನೋಡಿದರು. ರೆಪ್ಪೆ ಮಿಟುಕಿಸಲಿಲ್ಲ.

"ಅಕ್ಕಾ, ನಿಮ್ಮನ್ನ ಎಲ್ಲೋ ಕಂಡಂಗೆ ಆಗ್ತದೆ."

ಸುಮಿತ್ರಾ ಕೆಲಸಕ್ಕೆ ಸೇರಿದ ಮೇಲೆ ಅವರು ಆಸ್ಪತ್ರೆಗೆ ಬಂದದ್ದು ಅದೇ ಮೊದಲು. ಅವಳ ಕೈಯಿಂದ ಫೈಲ್ ಜಾರಿ ಕಾಗದಗಳು ನೆಲಕ್ಕೆ ಬಿದ್ದವು.

ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಮಡಚಿ ಮಡಚಿ ಮೆತ್ತಗಾದ ಆ ಪಟ್ಟಿ ಕೈಯಲ್ಲಿತ್ತು. ನಮ್ಮ ಹವ್ಯಕ ಮಾತಿನಲ್ಲೇ ಕೇಳಿದಳು.

"ಹೆಗಡೇರೆ, ಯನ್ನ ತಮ್ಮಂದು ಎರಡೂ ಕಣ್ಣು ಕೊಟ್ಟಿದ್ದು. ಒಂದು ಇವ್ರ ಹತ್ರ ಇದ್ದು. ಇನ್ನೊಂದು ಎಲ್ಲಿದ್ದು?"

ಒಬ್ಬ ದಾನಿಯ ಎರಡು ಕಾರ್ನಿಯಾ ಸಾಮಾನ್ಯವಾಗಿ ಇಬ್ಬರಿಗೆ ಹೋಗುತ್ತವೆ. ಪಟ್ಟಿಯಲ್ಲಿ ಪ್ರತಿ ದಾನಿಯ ಎದುರಿಗೂ ಒಂದೇ ಹೆಸರಿತ್ತು.

ಅವಳನ್ನು ಕೂರಿಸಿ ಡೇಟಾಬೇಸನ್ನು ತೆರೆದು ನೋಡಿದೆ. ಹಳೆಯ ಡೇಟಾಬೇಸಿನಲ್ಲಿ ಟೇಬಲ್ಲುಗಳ ಸಂಬಂಧವನ್ನು ಯಾರೂ ನಮೂದಿಸಿರಲಿಲ್ಲ. ಎರಡರಲ್ಲೂ 'ಕ್ರಮಸಂಖ್ಯೆ' ಎಂಬ ಕಾಲಂ ಇದ್ದುದರಿಂದ ಸಾಫ್ಟ್‌ವೇರ್ ಅವನ್ನೇ ಜೋಡಿಸಿತ್ತು. ನಲವತ್ತೊಂದನೆಯ ದಾನಿಗೆ ನಲವತ್ತೊಂದನೆಯ ಆಪರೇಷನ್. ಆ ರೈತರ ಆಪರೇಷನ್ ನಡೆದ ದಿನ ಅವಳ ತಮ್ಮ ಇನ್ನೂ ಬದುಕಿದ್ದ.

ತಾರೀಕು ತೋರಿಸಿ, "ತಂಗಿ, ಅವರಲ್ಲ. ತಪ್ಪು ಯನ್ನದು" ಎಂದೆ.

ಅವಳು ತಾರೀಕಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಯನ್ನ ಗುರುತು ಹಿಡಿದಿದ್ದು ಯಾರು?"

ನಾನು ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡೆ.

ಸಂಜೆ ಮುಖ್ಯ ವೈದ್ಯರ ಮುಂದೆ ಎಲ್ಲವನ್ನೂ ಒಪ್ಪಿಕೊಂಡು, ಪಟ್ಟಿಯನ್ನು ಅವರೆದುರೇ ಹರಿದೆ. ಅವರು ಬೈಯಲಿಲ್ಲ. "ಮೊದಲು ವರದಿಯಿಂದ ಹೆಸರು ತೆಗೀರಿ" ಎಂದರು. ಮರುದಿನ, ಪ್ರತಿ ಕಾರ್ನಿಯಾಕ್ಕೂ ಕೊಟ್ಟು ಎರಡೂ ಕಡೆ ಬರೆದಿಡುತ್ತಿದ್ದ ನಂಬರಿನ ಮೂಲಕ ಎರಡು ಟೇಬಲ್ಲುಗಳನ್ನು ಕೈಯಾರೆ ಜೋಡಿಸಿದೆ. ಸರಿಯಾಯಿತೇ ಎಂದು ನೋಡಲು ಸುಮಿತ್ರಾಳ ತಮ್ಮನ ಹೆಸರನ್ನೇ ಹುಡುಕಿದೆ. ಈ ಸಲ ಎರಡು ಹೆಸರು ಬಂದವು. ಒಂದು ನನಗೆ ಗುರುತಿಲ್ಲದ್ದು. ಇನ್ನೊಂದು, ಆಪರೇಷನ್ ಆದ ಮೇಲೆ ನಮ್ಮ ಕ್ಯಾಂಟೀನಿನಲ್ಲೇ ಕೆಲಸಕ್ಕೆ ಸೇರಿದ್ದ ಹೆಂಗಸಿನದು. ಕಾಗದದ ರಿಜಿಸ್ಟರ್ ತೆಗೆದೆ. ಅದೂ ಅದನ್ನೇ ಹೇಳಿತು. ವರದಿಯಿಂದ ಹೆಸರುಗಳನ್ನು ತೆಗೆದುಹಾಕಿದೆ.

ನಿವೃತ್ತನಾಗುವವರೆಗೆ ನಾಲ್ಕು ವರ್ಷ ಅವರಿಬ್ಬರನ್ನೂ ದಿನವೂ ನೋಡಿದೆ. ಸುಮಿತ್ರಾ ಚಹಾ ಕೇಳುವಳು, ಆ ಹೆಂಗಸು ಲೋಟ ಮುಂದಿಟ್ಟು, ಅವಳ ಮುಖ ನೋಡಿ, "ಸಕ್ಕರೆ ಸಾಕಾ?" ಎನ್ನುವಳು.

ಯಂತ್ರ ತಾನಾಗಿ ತಂದ ಸಂಬಂಧವನ್ನು ಕಾಗದದೊಂದಿಗೆ ಹೋಲಿಸದೆ ನಂಬಬೇಡಿ ಎಂದು ಈ ಕೆಲಸಕ್ಕೆ ಬರುವವರಿಗೆ ಹೇಳುತ್ತಲೇ ಬಂದಿದ್ದೇನೆ. ನಿಜವಾದ ಸಂಬಂಧ ಕಣ್ಣೆದುರು ಬಂದಾಗ ಬಾಯಿ ಮುಚ್ಚಿಕೊಂಡು ಚಹಾ ಕುಡಿಯುವುದೂ ಇದೇ ಕೆಲಸದ ಭಾಗ ಎಂಬುದನ್ನು ಕಲಿಯಲು ಮಾತ್ರ ನನಗೆ ಆ ನಾಲ್ಕು ವರ್ಷ ಬೇಕಾಯಿತು.