ಎಡಗಾಲಿನ ಚಪ್ಪಲಿ ಬಿದ್ದಲ್ಲಿ

ಒಬ್ಬೊಬ್ಬ ವೀರನಿಗೆ ಒಂದೊಂದು ಆಯುಧ. ನಮ್ಮ ಕೃಷಿ ಕಾಲೇಜಿನ ಚಪ್ಪಲಿ ಮೇಷ್ಟ್ರ ಆಯುಧ ಅವರ ಎಡಗಾಲಿನಲ್ಲಿತ್ತು. ಹೊಲಕ್ಕೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಹೆಗಲ ಮೇಲಿಂದ ಅವರು ಅದನ್ನು ಹಿಂದಕ್ಕೆ ಬೀಸಿದರೆ ಹಕ್ಕಿಗಳು ದಾರಿ ಬದಲಿಸುತ್ತಿದ್ದವು, ಇಲಿಗಳು ಬಿಲದೊಳಗೇ ಉಸಿರು ಬಿಗಿಹಿಡಿಯುತ್ತಿದ್ದವು. ಒಮ್ಮೆ ಅದು ಪ್ರಾಂಶುಪಾಲರ ಕಾರಿನ ಮೇಲೆ ಬಿತ್ತಂತೆ. ಮೇಷ್ಟ್ರು ಕಾರನ್ನೂ ಅಳೆದು ಬರೆದುಕೊಂಡರಂತೆ. ನಾನಿದನ್ನು ನಂಬುವುದಿಲ್ಲ, ಹೇಳದೆ ಇರಲೂ ಆಗುವುದಿಲ್ಲ.

ಚಪ್ಪಲಿ ಬಿದ್ದ ಜಾಗದಲ್ಲಿ ಒಂದು ಮೀಟರ್ ಉದ್ದಗಲದ ಪೈಪಿನ ಚೌಕಟ್ಟು ಇಡಬೇಕು. ಅದರೊಳಗಿನ ಗಿಡ ಎಣಿಸಿ, ತೆನೆ ಮುರಿದು ತೂಗಬೇಕು. ಇಂಥ ಹತ್ತು ಚೌಕದಿಂದ ಇಡೀ ಹೊಲದ ಇಳುವರಿ ಅಂದಾಜು ಮಾಡುವುದು ಅವರು ಕಲಿಸುವ ವಿದ್ಯೆ.

"ಇವರಿಗೆ ಬರೀ ಎಡಗಾಲಿಂದೇ ಸವೆಯೋದು. ಬಲಗಾಲಿನವು ನಾಲ್ಕು ಹೊಸದಾಗೇ ಮೂಲೇಲಿ ಕೂತಿವೆ, ಮದುವೆಯಾಗದ ನಾದಿನೀರ ಹಾಗೆ" ಎಂದು ಅವರ ಹೆಂಡತಿ ಬಂದವರಿಗೆಲ್ಲ ತೋರಿಸುತ್ತಿದ್ದರು.

ಹಿಂದಿನ ವರ್ಷ ಮೇಷ್ಟ್ರು ಜ್ವರದಿಂದ ಮಲಗಿದ್ದಾಗ ವಿದ್ಯಾರ್ಥಿಗಳು ತಾವೇ ಅಳತೆಗೆ ಹೋದರು. ಬದುವಿನ ಮರದ ನೆರಳು ಬಿಟ್ಟು ಒಬ್ಬನೂ ಅಲ್ಲಾಡಲಿಲ್ಲ. ಕಾಲುವೆಯ ನೀರು ಕುಡಿದು ಕೊಬ್ಬಿದ್ದ ಅಂಚಿನ ಗಿಡಗಳನ್ನೇ ಹತ್ತು ಸಲ ತೂಗಿದರು. ಕಾಗದದ ಮೇಲೆ ಹೊಲ ಎರಡು ಪಟ್ಟು ಬೆಳೆಯಿತು. ಕಾಲೇಜಿನ ಮೇಲಧಿಕಾರಿಗಳಾದ ನಿರ್ದೇಶಕರು ಕೆಂಡವಾದರು. ಈ ಸಲದ ಅಂದಾಜು ನಿಜವಾದ ತೂಕಕ್ಕಿಂತ ನೂರಕ್ಕೆ ಹತ್ತು ಪಾಲು ಆಚೀಚೆಯಾದರೂ ಹೊಲದ ಪಾಠ ರದ್ದು, ಮೇಷ್ಟ್ರು ಉಗ್ರಾಣದಲ್ಲಿ ಗೊಬ್ಬರದ ಚೀಲ ಕಾಯುವುದು ಎಂದು ಆಜ್ಞೆ ಹೊರಟಿತು.

ಒಂದೆಕರೆ ಜೋಳದ ಹೊಲ. ಒಂಬತ್ತು ಎಸೆತ ಸುಸೂತ್ರವಾಗಿ ಮುಗಿದವು. ಹತ್ತನೆಯದನ್ನು ದಪ್ಪ ಕನ್ನಡಕದ ಹುಡುಗಿ ಎಸೆದಳು. ಗೆಳೆಯರು ಅವಳನ್ನು ದುರ್ಬೀನು ಎನ್ನುತ್ತಿದ್ದರು. ಚಪ್ಪಲಿ ಹೋಗಿ ಬೋಳು ಜಾಗದ ನಡುವೆ ಬಿತ್ತು. ಅಲ್ಲಿದ್ದದ್ದು ಎರಡೇ ಗಿಡ, ಎರಡಕ್ಕೂ ಹುಳ, ತೆನೆಯೇ ಇಲ್ಲ.

"ಸಾರ್, ಇಲ್ಲೇನೂ ಇಲ್ವಲ್ಲ!"

"ಏನೂ ಇಲ್ಲ ಅನ್ನೋದೂ ಒಂದು ಲೆಕ್ಕಾನೇ ಕಣಮ್ಮ. ಬರ್ಕೋ."

"ಇನ್ನೊಂದ್ಸಲ ಎಸೀಲಾ? ನಿಮ್ಮ ಕೆಲಸದ ಪ್ರಶ್ನೆ ಸಾರ್."

"ನನ್ನ ಕೆಲಸ ಏನಾಗುತ್ತೆ ಅಂತ ಆ ಗಿಡಕ್ಕೆ ಗೊತ್ತಾ?"

ಹಿಂದಿದ್ದ ಹುಡುಗ ಪಿಸುಗುಟ್ಟಿದ: "ಲೇ ದುರ್ಬೀನು, ಕಾಲಲ್ಲಿ ಒಂದ್ಚೂರು ಆಕಡೆ ತಳ್ಳೇ."

"ನೀನು ಬಾಯ್ಮುಚ್ಚಿ ಚೌಕಟ್ಟು ಹಿಡ್ಕೊಳ್ಳೋ!" ಎಂದು ಗದರಿದ ಹುಡುಗಿ ಸೊನ್ನೆ ಬರೆದಳು.

ಅಂದಾಜು ಮೂವತ್ತೊಂದು ಕ್ವಿಂಟಲ್ ಎಂದು ಬಂತು. ಮಾರನೆಯ ದಿನ ಇಡೀ ಹೊಲದ ತೆನೆ ಮುರಿದು ತೂಕದ ಯಂತ್ರಕ್ಕೆ ಏರಿಸಿದರು. ನಿರ್ದೇಶಕರು ಕುರ್ಚಿ ಹಾಕಿಸಿಕೊಂಡು ಕೂತರು. ಮಹಾಯುದ್ಧದ ಕೊನೆಯ ದಿನದಲ್ಲೂ ಅಷ್ಟು ಕಣ್ಣು ಒಂದೇ ಕಡೆ ನೆಟ್ಟಿದ್ದವೋ ಇಲ್ಲವೋ. ಚೀಲದ ಮೇಲೆ ಚೀಲ ತೂಗಿ ಮುಗಿಯುವ ಹೊತ್ತಿಗೆ ದುರ್ಬೀನು ತನ್ನ ಹತ್ತು ಉಗುರನ್ನೂ ಕಚ್ಚಿ ಮುಗಿಸಿದ್ದಳು.

ಮೂವತ್ತು ಕ್ವಿಂಟಲ್, ಇಪ್ಪತ್ತು ಕಿಲೋ!

ಹುಡುಗರು ಕುಣಿದು ದೂಳೆಬ್ಬಿಸಿದರು. ದುರ್ಬೀನು ಕೂತು ಲೆಕ್ಕ ಹಾಕಿ ನೋಡಿದಳು: ಆ ಬೋಳು ಚೌಕ ಬಿಟ್ಟಿದ್ದರೆ ಅಂದಾಜು ಮೂವತ್ತನಾಲ್ಕು ದಾಟಿ, ಪಾಠಕ್ಕೆ ಎಳ್ಳುನೀರು ಬಿಡಬೇಕಾಗುತ್ತಿತ್ತು. ನಿರ್ದೇಶಕರೇ ಎದ್ದು ಬಂದು ಮೇಷ್ಟ್ರ ಕೈ ಕುಲುಕಿದರು.

"ಪಾಠ ಮುಂದುವರೀಲಿ ಮೇಷ್ಟ್ರೇ. ಆದ್ರೆ ಒಂದು ಮಾತು ಹೇಳಿ. ಎರಡು ಒಣಕಲು ಗಿಡ ನಂಬ್ಕೊಂಡು ಇಷ್ಟು ವರ್ಷದ ಕೆಲಸಾನೇ ಪಣಕ್ಕಿಟ್ರಲ್ಲ, ಎಂಥಾ ಎದೆಗಾರಿಕೆ ರೀ ನಿಮ್ಮದು! ಉಗ್ರಾಣಕ್ಕೆ ಹೋಗ್ಬೇಕಾಗುತ್ತೆ ಅಂತ ಭಯ ಆಗ್ಲಿಲ್ವಾ?"

ಮೇಷ್ಟ್ರು ಬೆವರು ಒರೆಸಿಕೊಂಡರು.

"ಭಯ ಯಾಕೆ ಸಾರ್? ಅಲ್ಲಿ ಫ್ಯಾನ್ ಇದೆ."