ಗುಂಡಿಯ ಅಂಚಿನಲ್ಲಿ ಬಿಟ್ಟ ಚಪ್ಪಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಕಚೇರಿಯ ದೊಡ್ಡ ಗೇಟಿನ ಮುಂದೆ, ರಸ್ತೆಗೆ ಅಡ್ಡಲಾಗಿ, ದಪ್ಪ ಉಕ್ಕಿನ ಹಲಗೆಯೊಂದು ಎದ್ದು ನಿಂತಿದೆ. ಹಗಲಲ್ಲಿ ಇದು ರಸ್ತೆಯ ಮಟ್ಟಕ್ಕೆ ಮಲಗಿರುತ್ತದೆ. ಕಾರುಗಳು ಮೇಲೇ ಓಡಾಡುತ್ತವೆ. ಬಟನ್ ಒತ್ತಿದರೆ ಎದೆಯೆತ್ತರಕ್ಕೆ ಏಳುತ್ತದೆ, ಮತ್ತೆ ಒತ್ತಿದರೆ ಇಳಿದು ಮಲಗುತ್ತದೆ. ಯಾವನಾದರೂ ಗಾಡಿ ನುಗ್ಗಿಸಿದರೆ ತಡೆಯಲೆಂದೇ ಇಟ್ಟಿರುವುದು. ಹಲಗೆಯ ಹಿಂದೆ ಆಳೆತ್ತರದ ಗುಂಡಿ. ಐವತ್ತು ದಾಟಿದ ಹೆಂಗಸೊಬ್ಬರು ಗಂಡನ ಹಳೆಯ ಅಂಗಿಯ ತೋಳು ಮಡಚಿ, ಚಪ್ಪಲಿ ಕಳಚಿ, ಗುಂಡಿಯ ಅಂಚಿನಲ್ಲಿ ಜೋಡಿಸಿಡುತ್ತಾರೆ. ಬಟನ್ ಪೆಟ್ಟಿಗೆಯ ಹತ್ತಿರ ನಿಂತ ಹೊಸ ಕಾವಲುಗಾರನನ್ನು ನೋಡುತ್ತಾರೆ. ಅವನು ಚಪ್ಪಲಿ ನೋಡಿ ಕೈ ಎತ್ತಿದ ಮೇಲೆಯೇ ಏಣಿಗೆ ಕಾಲಿಡುತ್ತಾರೆ.

"ಬೂಟು ಕೊಟ್ಟಿದಾರೆ ಮೇಡಂ, ಚೆನ್ನಾಗೇ ಇದೆ. ಏಣಿ ಮೇಲೆ ಜಾರುತ್ತೆ. ನನ್ನ ಕಾಲಿನ ಬೆರಳಿಗಿರೋ ಬುದ್ಧಿ ಬೂಟಿಗೆ ಎಲ್ಲಿಂದ ಬರ್ಬೇಕು?" ಎಂದು ಕೆಳಗಿನಿಂದಲೇ ಕೂಗುತ್ತಾರೆ. ಮಾತಿನ ಜೊತೆಗೆ ಒಂದು ಬಕೆಟ್ ಕೆಸರೂ ಮೇಲೆ ಬರುತ್ತದೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲೆಂದು ಬಂದ ನಾನು ಹಿಂದೆ ಸರಿಯುವಷ್ಟರಲ್ಲಿ ನನ್ನ ಬಟ್ಟೆಗೆ ಅದರ ಆಶೀರ್ವಾದವಾಗಿದೆ.

ಇಲ್ಲಿ ಎಲ್ಲರೂ ಇವರನ್ನು ಗುಂಡಿ ಅಕ್ಕ ಎನ್ನುತ್ತಾರೆ. ಇವರ ಕೆಲಸ ಇಷ್ಟು: ರಸ್ತೆಯಿಂದ ಒಳಗೆ ಬಿದ್ದ ಎಲೆ, ಪ್ಲಾಸ್ಟಿಕ್ ಕವರ್, ಬಾಟಲಿ ಮುಚ್ಚಳ, ಸಿಗರೇಟು ತುಂಡು ಎಲ್ಲವನ್ನೂ ತೆಗೆಯಬೇಕು, ನೀರು ಹೋಗುವ ತೂತು ಬಿಡಿಸಬೇಕು, ಹಲಗೆ ತಿರುಗುವ ಕೀಲುಗಳನ್ನು ಒರೆಸಿ ಗ್ರೀಸ್ ಹಚ್ಚಬೇಕು. ಒಂದು ವಾರ ಬಿಟ್ಟರೆ ಗುಂಡಿ ಕಟ್ಟಿಕೊಳ್ಳುತ್ತದೆ, ಹಲಗೆ ಅರ್ಧಕ್ಕೇ ನಿಲ್ಲುತ್ತದೆ. ಮೊದಲು ಇವರು ಇದೇ ರಸ್ತೆಯಲ್ಲಿ ಕಸ ಗುಡಿಸುತ್ತಿದ್ದರು. ಗುಂಡಿಗೆ ಇಳಿಯುತ್ತಿದ್ದವನು ವಾಸನೆ ತಡೆಯಲಾರದೆ ಹೇಳದೆ ಕೇಳದೆ ಪರಾರಿಯಾದಾಗ ಎಲ್ಲರೂ ಮೂಗು ಮುರಿದರು. ಇವರು ಹೂಂ ಅಂದರು. "ನಮ್ಮನೆಯೋರು ಗ್ಯಾರೇಜಲ್ಲಿ ಕೆಲಸ ಮಾಡ್ತಿದ್ರು. ಮದುವೆ ಆದಾಗಿಂದ ಗ್ರೀಸ್ ವಾಸನೇಲೇ ಮಲಗಿ ಎದ್ದೋಳು ನಾನು. ನಂಗೆ ಇದೇನು ಹೊಸದಾ?"

ಆ ಗಂಡ ಈಗ ಸೊಂಟನೋವಿನಿಂದ ಮನೆಯಲ್ಲಿದ್ದಾರೆ; ಅಡುಗೆ ಅವರದೇ. ಉಪ್ಪು ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ. "ಎರಡು ದಿನದ್ದು ಕಲಸಿ ತಿಂದ್ರೆ ಸರಿ ಹೋಗುತ್ತೆ," ಎನ್ನುತ್ತಾರೆ ಅಕ್ಕ. ಮಗಳು ಔಷಧಿ ಅಂಗಡಿಯಲ್ಲಿದ್ದಾಳೆ. ಅಮ್ಮನ ಕೆಲಸದ ಮಾತೆತ್ತಿದರೆ ಈಗಲೂ ಅವಳ ಮುಖ ಬಿಗಿಯುತ್ತದೆ. ಅದಕ್ಕೆ ಕಾರಣವಿದೆ.

ಗುಂಡಿಯಲ್ಲಿ ಜನ ಇದ್ದಾಗ ಹಲಗೆ ಕೆಳಗಿಳಿದರೆ ಕಥೆ ಮುಗಿಯಿತು. ಅದಕ್ಕೆಂದು ಹಲಗೆಗೆ ಆನಿಸಿಡುವ ಕಬ್ಬಿಣದ ಆಸರೆಯೊಂದಿತ್ತು. ಅದು ಬಾಗಿತೆಂದು ರಿಪೇರಿಗೆ ಹೋಯಿತು. ಹೋದದ್ದು ಹೋಗೇ ಹೋಯಿತು. ಒಂದು ಬೆಳಿಗ್ಗೆ ಗೇಟಿನ ಹಳೆಯ ಕಾವಲುಗಾರ, ಎಲ್ಲರೂ ಮೀಸೆ ಎಂದೇ ಕರೆಯುವವರು, ಅಕ್ಕ ಮೇಲೆ ಬಂದಾಗಿದೆ ಎಂದುಕೊಂಡು ಬಟನ್ ಒತ್ತಿಬಿಟ್ಟರು. ಹಲಗೆ ಅಲುಗಿತು. ಕೆಳಗಿನಿಂದ ಕಿರುಚಿದ್ದು ಕೇಳಿ ನಿಲ್ಲಿಸಿದರು. "ಜೀವ ಬಾಯಿಗೆ ಬಂದಿತ್ತು ನಂಗೆ. ಮೇಲೆ ಬಂದು ಎರಡು ಬಾರಿಸೋಣ ಅಂತ ನೋಡಿದ್ರೆ, ಅಷ್ಟು ದೊಡ್ಡ ಮೀಸೆ ಇಟ್ಕೊಂಡು ನೆಲದ ಮೇಲೆ ಕೂತು ಅಳ್ತಿದ್ದ. ನಾನೇ ನೀರು ಕೊಡ್ಬೇಕಾಯ್ತು." ಅವತ್ತು ಇಬ್ಬರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡರು. ಅಕ್ಕನ ಚಪ್ಪಲಿ ಅಂಚಿನಲ್ಲಿ ಇರುವ ತನಕ ಯಾರು ಬರಲಿ, ಯಾರು ಬೈಯಲಿ, ಬಟನ್ ಮುಟ್ಟುವಂತಿಲ್ಲ. ಸರ್ಕಾರದ ಬಾಗಿಲಲ್ಲಿ ಹರಕು ಚಪ್ಪಲಿ ಶೋಭೆಯಲ್ಲ ಎಂದು ಮೇಲಧಿಕಾರಿಯೊಬ್ಬರು ಗೊಣಗಿದರಂತೆ. ಮೀಸೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ತಿಂಗಳ ಹಿಂದೆ ಈ ಗೇಟಿನ ಮೇಲೆ ದಾಳಿಯೊಂದು ನಡೆದದ್ದು ಇಂಥದ್ದೇ ಬೆಳಿಗ್ಗೆ. ಅಕ್ಕ ಕೆಲಸ ಮುಗಿಸಿ ಮೇಲೆ ಬಂದಿದ್ದರು. ಕಾಲ ತುಂಬ ಗ್ರೀಸ್. ಈ ಕಾಲಲ್ಲಿ ಚಪ್ಪಲಿ ಹಾಕಿದರೆ ಅದೂ ಹಾಳು ಎಂದು, ಬರಿಗಾಲಲ್ಲೇ ಗೇಟಿನೊಳಗಿನ ನಲ್ಲಿಗೆ ಹೋದರು. ಮೀಸೆ ಆಗ ಬೆನ್ನು ಹಾಕಿ, ರಾತ್ರಿ ಪಾಳಿಯವನಿಂದ ಬೀಗದ ಕೈ ತೆಗೆದುಕೊಳ್ಳುತ್ತಿದ್ದರು. ಚಪ್ಪಲಿ ಗುಂಡಿಯ ಅಂಚಿನಲ್ಲೇ ಉಳಿಯಿತು.

ಬಿಳಿ ವ್ಯಾನೊಂದು ಬಂದು ನಿಂತಿತು. ಗಾಜಿನ ಮೇಲೆ ದೊಡ್ಡ ಸಾಹೇಬರ ಕಚೇರಿಯ ಪಾಸು. ನಕಲಿ ಎಂದು ಆಮೇಲೆ ತಿಳಿಯಿತು. ಒಳಗಿದ್ದವನು ಈ ಕಚೇರಿಯನ್ನೂ ಅದರೊಳಗಿನ ಜನರನ್ನೂ ಸುಟ್ಟುಬಿಡಬೇಕೆಂದು ನಂಬಿದ ಉಗ್ರಗಾಮಿ ಗುಂಪಿನವನು. ಅವನ ಸಿದ್ಧಾಂತ ಏನು, ಫೋಟೊ ಹೇಗಿದೆ ಎಂದು ಬೇಕಾದಷ್ಟು ಬಂದಾಗಿದೆ. ಈ ಪುಟದಲ್ಲಿ ಅವನಿಗೆ ಜಾಗವಿಲ್ಲ. ಗೇಟಿನೊಳಗಿನ ಅಂಗಳದಲ್ಲಿ ಆ ಹೊತ್ತಿಗೆ ಗುಡಿಸುವವರು, ತೋಟದವರು, ಕ್ಯಾಂಟೀನಿನವರು ಟೀ ಕುಡಿಯುತ್ತ ಕೂತಿದ್ದರು ಎಂಬುದಷ್ಟೇ ನಮಗೆ ಮುಖ್ಯ.

ಪಾಸು ನೋಡಿದ ಮೀಸೆ ಸಲ್ಯೂಟ್ ಹೊಡೆದರು. ಬಟನ್ ಕಡೆ ಕೈ ಚಾಚಿದರು. ಚಪ್ಪಲಿ ಕಂಡಿತು. ಕೈ ಹಿಂದೆ ಬಂತು. "ಒಂದ್ನಿಮಿಷ ಸಾರ್, ಕೆಳಗೆ ಹೆಣ್ಮಗಳು ಇದಾಳೆ," ಎಂದರು. ವ್ಯಾನು ಹಾರ್ನ್ ಹೊಡೆಯಿತು. ಮೀಸೆ ತಲೆಯಾಡಿಸಿದರು. ಸಾಹೇಬರಿಗೆ ಫೋನ್ ಮಾಡುತ್ತೇನೆಂದು ಆ ಮನುಷ್ಯ ಹೆದರಿಸಿದ. "ಮಾಡಿ ಸಾರ್. ಅವಳು ಮೇಲೆ ಬರ್ದೆ ಇದು ಇಳಿಯಲ್ಲ," ಎಂದರು. ಆಗ ವ್ಯಾನು ಹಿಂದೆ ಹೋಯಿತು, ದೂರ ಹೋಯಿತು, ಅಲ್ಲಿಂದ ಮೈಮೇಲೆ ಬಂದಂತೆ ಮುನ್ನುಗ್ಗಿತು. ಮೀಸೆ ಪಕ್ಕಕ್ಕೆ ಹಾರಿ ಬಚಾವಾಗಬಹುದಿತ್ತು. ಅವರು ಗುಂಡಿಯ ಕಡೆ ಓಡಿದರು.

"ನಾನು ನಲ್ಲಿ ಹತ್ರ ಕಾಲಿಗೆ ಸೋಪು ಹಚ್ತಿದ್ದೆ," ಅಕ್ಕನ ದನಿ ತಗ್ಗುತ್ತದೆ. "ಅವನು ಗುಂಡಿಗೆ ಬಗ್ಗಿ, 'ಅಕ್ಕಾ, ಮೇಲೆ ಬಾ, ಅಕ್ಕಾ' ಅಂತ ಕೂಗ್ತಿದಾನೆ. ನಾನು ಇಲ್ಲಿದೀನಿ ಅಂತ ಹೇಳೋಣ ಅಂತ ಸೋಪು ಬಿಸಾಕಿ ಎದ್ದೆ. ಅಷ್ಟರಲ್ಲಿ ಆ ವ್ಯಾನಿನೋನು ಗುದ್ದಿದ."

ಹಲಗೆ ಜಗ್ಗಲಿಲ್ಲ. ವ್ಯಾನಿನ ಮೂತಿ ಅಪ್ಪಚ್ಚಿಯಾಯಿತು. ಒಳಗಿದ್ದವನನ್ನು ಜೀವಂತ ಹಿಡಿದರು. ಕಿತ್ತು ಹಾರಿದ ಬಂಪರ್ ಮಾತ್ರ ಹಲಗೆ ದಾಟಿ ಬಂದು ಮೀಸೆಯ ಕಾಲಿನ ಮೇಲೆ ಬಿತ್ತು. ಮೂಳೆ ಎರಡು ಕಡೆ ಮುರಿಯಿತು. ಮೀಸೆಯ ಕೂಗು ಕೇಳಿದವರೆಲ್ಲ ಅಕ್ಕ ಕೆಳಗೇ ಇದ್ದರೆಂದುಕೊಂಡರು; ಮರುದಿನ ಊರೆಲ್ಲ ಒಂದೇ ಸುದ್ದಿ: ಗುಂಡಿಯೊಳಗಿದ್ದೂ ಬದುಕಿ ಬಂದ ಹೆಂಗಸು. ಸನ್ಮಾನ ಎಂದರು, ಹಾರ ಎಂದರು. ಅಕ್ಕ ಮನೆ ಬಿಟ್ಟು ಹೊರಗೆ ಬರಲಿಲ್ಲ.

"ಅನ್ನ ಇಳೀತಿರ್ಲಿಲ್ಲ ಮೇಡಂ. ಅವನ ಕಾಲು ಮುರಿದಿದ್ದು ನನ್ನ ಉಳಿಸೋಕೆ. ನಾನು ನೋಡಿದ್ರೆ ಅಲ್ಲಿ ಇರ್ಲೇ ಇಲ್ಲ. ಯಾವ ಮುಖ ಇಟ್ಕೊಂಡು ಹೇಳೋದು?" ಮಗಳು ಹೇಳಬೇಡ ಎಂದಳು. ಯಾರಿಗೂ ಗೊತ್ತಿಲ್ಲ, ಸುಮ್ಮನಿದ್ದುಬಿಡು ಎಂದಳು. ಗಂಡ ಮಾತ್ರ ಬುತ್ತಿ ಕಟ್ಟಿಕೊಟ್ಟು, "ಹೋಗಿ ಹೇಳ್ಬಿಟ್ಟು ಬಾ. ಹೊಟ್ಟೇಲಿ ಇಟ್ಕೊಂಡ್ರೆ ಅದು ಕೊಳೆಯುತ್ತೆ," ಎಂದರು.

ಆಸ್ಪತ್ರೆಯಲ್ಲಿ ಮೀಸೆಯ ಹೆಂಡತಿ ಮಂಚದ ಪಕ್ಕ ಕೂತು ಹಣ್ಣು ಸುಲಿಯುತ್ತಿದ್ದರು. ಅಕ್ಕ ನಿಂತೇ ಹೇಳಿದರು: "ತಮ್ಮಾ, ಅವತ್ತು ನಾನು ಕೆಳಗಿರ್ಲಿಲ್ಲ. ಕಾಲು ತೊಳೆಯೋಕೆ ಹೋಗಿದ್ದೆ. ಚಪ್ಪಲಿ ಮರ್ತಿದ್ದೆ."

ಹೆಂಡತಿಯ ಕೈ ನಿಂತಿತು. "ಅಂದ್ರೆ ನಮ್ಮನೆಯೋರು ಖಾಲಿ ಗುಂಡಿಗೋಸ್ಕರ ಕಾಲು ಮುರ್ಕೊಂಡ್ರಾ?" ಎಂದರು. ಅಕ್ಕನ ಕಣ್ಣು ತುಂಬಿತು.

"ಖಾಲಿ ಅಂತ ನಂಗೆ ಗೊತ್ತಿರ್ಲಿಲ್ವಲ್ಲೇ," ಎಂದರು ಮೀಸೆ, ಹೆಂಡತಿಗೆ. ಆಮೇಲೆ ಅಕ್ಕನ ಕಡೆ ತಿರುಗಿದರು. "ಅಕ್ಕಾ, ನೀನು ಚಪ್ಪಲಿ ಮೆಟ್ಕೊಂಡು ಹೋಗಿದ್ರೆ ನಾನು ಬಟನ್ ಒತ್ತಿ, ಸಲ್ಯೂಟ್ ಹೊಡೆದು ಅವನನ್ನ ಒಳಗೆ ಬಿಡ್ತಿದ್ದೆ. ಅಂಗಳದಲ್ಲಿ ನಮ್ಮೋರೆಲ್ಲ ಕೂತಿದ್ರು. ಅಳ್ಬೇಡ. ಆದ್ರೆ ಇನ್ನೊಂದ್ಸಲ ಮರ್ತಿಯೋ, ನಾನೇ ನಿನ್ನ ಗುಂಡಿಗೆ ತಳ್ತೀನಿ."

ಮೊದಲು ನಕ್ಕದ್ದು ಆ ಹೆಂಡತಿಯೇ ಅಂತೆ. ಸನ್ಮಾನದ ದಿನ ಅಕ್ಕ ಮೈಕಿನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿ, ಹಾರವನ್ನು ಆಸ್ಪತ್ರೆಗೆ ಒಯ್ದರು. ಎಲ್ಲರೂ ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಚಪ್ಪಾಳೆ ತಟ್ಟಿದರು. ಮೀಸೆ ಮುಂದಿನ ತಿಂಗಳು ಕೆಲಸಕ್ಕೆ ಬರುತ್ತಾರೆ. ಕುಂಟು ಉಳಿಯುತ್ತದೆ, ಕೂತು ಬಟನ್ ನೋಡಿಕೊಳ್ಳುತ್ತಾರೆ. ರಿಪೇರಿಗೆ ಹೋಗಿದ್ದ ಆಸರೆ ಸಿಗಲಿಲ್ಲ, ಹೊಸದು ಎರಡು ಬಂದಿವೆ. ಆದರೂ ಚಪ್ಪಲಿಯ ಕಟ್ಟುಪಾಡು ಮುರಿದಿಲ್ಲ.

ಅಕ್ಕನಿಗೆ ಈಗ ಕಚೇರಿಯ ಒಳಗೇ ಕೆಲಸ ಕೊಡುತ್ತೇವೆ ಎಂದಿದ್ದಾರೆ: ಫ್ಯಾನಿನ ಕೆಳಗೆ, ನುಣ್ಣನೆಯ ನೆಲ. ಮಗಳು ದುಂಬಾಲು ಬಿದ್ದಿದ್ದಾಳೆ. ಉತ್ತರ ಕೊಡಲು ಇವತ್ತೇ ಕೊನೆ. ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ಅವರು ಮೇಲೆ ಹತ್ತಿ, ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಆಗ್ಲೇ ಹೇಳ್ಬಿಟ್ಟೆ, ಬೇಡ ಅಂತ. ಮಗಳು ಎರಡು ದಿನ ಮಾತು ಬಿಡ್ತಾಳೆ, ಮೂರನೇ ದಿನ ಅವಳೇ ಬರ್ತಾಳೆ. ನೋಡಿ ಮೇಡಂ, ಇಷ್ಟು ವರ್ಷ ಯಾವ ಗಾಡಿ ಬಂದ್ರೂ ನಾನೇ ಪೊರಕೆ ಎತ್ಕೊಂಡು ಪಕ್ಕಕ್ಕೆ ಸರೀತಿದ್ದೆ. ಅವತ್ತು ದೊಡ್ಡ ಸಾಹೇಬ್ರ ಗಾಡಿ ಅಂತ ಗೊತ್ತಿದ್ದೂ ಆ ಮೀಸೆ ಏನಂದ? ಗಾಡಿ ಕಾಯ್ಲಿ, ಅಕ್ಕ ಮೇಲೆ ಬರ್ಲಿ ಅಂದ. ನನಗೋಸ್ಕರ ಗಾಡಿ ನಿಲ್ಲಿಸಿದ ಜಾಗ ಇದೊಂದೇ. ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"